ಬೆಳಕು ಹಿಂದಿನಿಂದ ಬಂದಾಗ

ಪ್ರಶ್ನೆ: ನಮ್ಮದೊಂದು ಹವ್ಯಾಸಿ ನಾಟಕ ತಂಡ. ತಂಡದ ಫೋಟೋ, ವಿಡಿಯೊ ಕೆಲಸವೂ ನನ್ನದೇ. ಎಡಿಟಿಂಗ್‌ಗೆಂದು ತಂದ ಹೊಸ ಮಾನಿಟರ್‌ನಲ್ಲಿ ಕತ್ತಲೆಯ ದೃಶ್ಯ ನೋಡುವಾಗ ಮೂಲೆಗಳಲ್ಲಿ ಬೂದು ಬೆಳಕು ಕಾಣುತ್ತದೆ. ಅದು ಬ್ಯಾಕ್‌ಲೈಟ್ ಸೋರಿಕೆ, ವಾಪಸ್ ಕೊಡು ಎನ್ನುತ್ತಾರೆ ಗೆಳೆಯರು. ಕಿಟಕಿಯ ಮುಂದೆ ನಿಲ್ಲಿಸಿ ತೆಗೆದ ಫೋಟೋಗಳಲ್ಲಿ ನಟರ ಮುಖ ಕಪ್ಪಾಗುತ್ತದೆ. ಇಷ್ಟರ ಮೇಲೆ ನಮ್ಮ ಲೈಟಿಂಗ್‌ನವರು ಇರುವ ಆರು ದೀಪಗಳಲ್ಲಿ ಎರಡನ್ನು ನಟರ ಹಿಂದಿನಿಂದಲೇ ಹಾಕಬೇಕೆಂದು ಹಟ ಹಿಡಿದಿದ್ದಾರೆ. ಮುಂದಿನ ಪ್ರದರ್ಶನಕ್ಕೆ ರಂಗದ ಹಿಂದೆ ಎಲ್‌ಇಡಿ ವಾಲ್ ಬೇರೆ ಇದೆ. ಒಂದು ಕಡೆ ಕಾಟ ಕೊಡುವ ಬ್ಯಾಕ್‌ಲೈಟ್ ಇನ್ನೊಂದು ಕಡೆ ಬೇಕೇ ಬೇಕು ಎನ್ನುವುದು ಹೇಗೆ?

ಉತ್ತರ: ಮೊದಲು ತಂಡದೊಳಗಿನ ಜಗಳ ಮುಗಿಸೋಣ. ಲೈಟಿಂಗ್‌ನವರು ಕೇಳಿದ ಎರಡು ದೀಪಗಳನ್ನು ಕೊಟ್ಟುಬಿಡಿ. ಉಳಿದ ನಾಲ್ಕರಲ್ಲಿ ಮುಖಗಳು ಕಾಣುತ್ತವೋ ಇಲ್ಲವೋ ಎಂಬ ನಿಮ್ಮ ಆತಂಕಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಎಲ್ಲ ತೊಂದರೆಗಳಲ್ಲೂ ನೋಡಬೇಕಾದದ್ದು ಒಂದೇ ಲೆಕ್ಕ. ಹಿಂದಿನಿಂದ ನೇರವಾಗಿ ನಮ್ಮ ಕಣ್ಣಿಗೆ ಬರುವ ಬೆಳಕು ಎಷ್ಟು, ಮುಂಭಾಗದ ಮೇಲೆ ಬಿದ್ದು ನಮ್ಮತ್ತ ಮರಳುವ ಬೆಳಕು ಎಷ್ಟು? ಹಿಂಬೆಳಕನ್ನೊಂದನ್ನೇ ಹಿಡಿದು ಒಳ್ಳೆಯದು, ಕೆಟ್ಟದ್ದು ಎಂದು ಹೇಳಲಾಗದು. ಅದೇ ದೀಪ, ಅದೇ ಜಾಗ. ಮುಂದಿನ ಬೆಳಕು ಏರಿದರೆ ಅಥವಾ ಇಳಿದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ಮಾನಿಟರ್‌ನಿಂದ ಶುರು ಮಾಡೋಣ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಬೆನ್ನಿಗೆ ಎಲ್‌ಇಡಿಗಳಿವೆ, ಮುಂದೆ ಎರಡು ಪೋಲರೈಸರ್ ಹಾಳೆಗಳು, ಆ ಎರಡರ ನಡುವೆ ದ್ರವ ಸ್ಫಟಿಕದ ತೆಳು ಪದರ. ಪೋಲರೈಸರ್ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಇಟ್ಟರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ನಡುವಿನ ದ್ರವ ಸ್ಫಟಿಕ ವೋಲ್ಟೇಜಿಗೆ ತಕ್ಕಂತೆ ಆ ಕಂಪನದ ದಿಕ್ಕನ್ನು ತಿರುಗಿಸುತ್ತದೆ; ಎಷ್ಟು ತಿರುಗಿತೋ ಅಷ್ಟು ಬೆಳಕು ಆ ಪಿಕ್ಸೆಲ್‌ನಿಂದ ಹೊರಬರುತ್ತದೆ. 1970-71ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ ಇಂಥ ರಚನೆಯನ್ನು ಪ್ರಕಟಿಸಿದಾಗ ಅದರ ಮೊದಲ ಬಳಕೆ ಗಡಿಯಾರ, ಕ್ಯಾಲ್ಕ್ಯುಲೇಟರ್‌ಗಳಲ್ಲಾಯಿತು. ಅವುಗಳಲ್ಲಿ ಬ್ಯಾಕ್‌ಲೈಟ್ ಇರಲೇಬೇಕೆಂದಿಲ್ಲ. ಹಿಂದೆ ಒಂದು ಪ್ರತಿಫಲಕ ಹಾಳೆ ಇಟ್ಟು ಕೋಣೆಯ ಬೆಳಕನ್ನೇ ವಾಪಸ್ ಕಳಿಸಿದರೆ ಸಾಕು. ಬಣ್ಣದ ದೊಡ್ಡ ಪರದೆಗೆ ಆ ಉಪಾಯ ನಡೆಯುವುದಿಲ್ಲ. ಪೋಲರೈಸರ್ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ, ಕೆಂಪು ಹಸಿರು ನೀಲಿ ಫಿಲ್ಟರ್‌ಗಳು ಉಳಿದದ್ದರಲ್ಲಿ ಸುಮಾರು ಮೂರನೆಯ ಎರಡು ಪಾಲು ನುಂಗುತ್ತವೆ. ಕೊನೆಗೆ ಹಿಂದಿನ ದೀಪ ಕೊಟ್ಟ ಬೆಳಕಿನ ಹತ್ತನೆಯ ಒಂದು ಪಾಲೂ ನಿಮ್ಮ ಕಣ್ಣಿಗೆ ತಲುಪುವುದಿಲ್ಲ. ಲ್ಯಾಪ್‌ಟಾಪ್‌ನ ಬ್ಯಾಟರಿಯನ್ನು ಪರದೆ ಯಾಕೆ ಅಷ್ಟು ತಿನ್ನುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ನಿಮ್ಮ ಬೂದು ಮೂಲೆಗಳು. ಕಪ್ಪು ದೃಶ್ಯ ಬಂದಾಗ ಹಿಂದಿನ ದೀಪ ಆರುವುದಿಲ್ಲ, ಪಿಕ್ಸೆಲ್‌ಗಳು ಮುಚ್ಚಿಕೊಳ್ಳುತ್ತವೆ ಅಷ್ಟೆ. ಆಚೆ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಬಾಗಿಲು ಎಷ್ಟು ಬಿಗಿಯಾಗಿ ಹಾಕಿದರೂ ಸಂದಿಯಲ್ಲೊಂದು ಗೆರೆ ಬೆಳಕು ಕಾಣುವಂತೆ, ಇಲ್ಲೂ ಸ್ವಲ್ಪ ಹೊರಬಂದೇ ಬರುತ್ತದೆ. ಎಲ್‌ಸಿಡಿಯಲ್ಲಿ ಐಪಿಎಸ್, ವಿಎ ಎಂಬ ಬಗೆಗಳಿವೆ. ಬಿಳಿಯ ಹೊಳಪಿಗೂ ಕಪ್ಪಿನ ಹೊಳಪಿಗೂ ಇರುವ ಅನುಪಾತ ಐಪಿಎಸ್ ಪ್ಯಾನೆಲ್‌ನಲ್ಲಿ ಸುಮಾರು 1000ಕ್ಕೆ 1, ವಿಎ ಪ್ಯಾನೆಲ್‌ನಲ್ಲಿ 3000ಕ್ಕೆ 1 ಅಥವಾ ಅದಕ್ಕಿಂತ ಉತ್ತಮ. ಅಂದರೆ ಬಿಳಿ 300 ನಿಟ್ (ಹೊಳಪಿನ ಅಳತೆ) ಇರುವ ಐಪಿಎಸ್ ಮಾನಿಟರ್‌ನಲ್ಲಿ ‘ಕಪ್ಪು’ ಎನ್ನುವುದು ಸುಮಾರು 0.3 ನಿಟ್. ಹಗಲಲ್ಲಿ ಅದು ಕಪ್ಪೇ. ಕೋಣೆಯ ದೀಪ ಆರಿಸಿ ಕೂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ, ಆಗ ಅದೇ 0.3 ನಿಟ್ ಸ್ಪಷ್ಟವಾಗಿ ಬೂದಾಗಿ ಕಾಣುತ್ತದೆ.

ವಾಪಸ್ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಪೂರ್ತಿ ಕಪ್ಪು ಚಿತ್ರ ಹಾಕಿ, ಎಂದಿನ ಜಾಗದಲ್ಲಿ ಕೂತು ಮೂಲೆಗಳನ್ನು ನೋಡಿ. ನಂತರ ಮೀಟರುಗಟ್ಟಲೆ ಹಿಂದೆ ಸರಿದು ನೇರವಾಗಿ ನೋಡಿ, ತಲೆಯನ್ನು ಎಡಬಲಕ್ಕೆ ಸರಿಸಿ ನೋಡಿ. ಬೂದು ಬೆಳಕು ನಿಮ್ಮ ಜೊತೆ ಚಲಿಸಿದರೆ, ದೂರ ಹೋದಂತೆ ತಗ್ಗಿದರೆ, ಅದು ಐಪಿಎಸ್‌ನ ಹುಟ್ಟುಗುಣ. ಓರೆಯಾಗಿ ಸಾಗುವ ಬೆಳಕನ್ನು ಅಡ್ಡ ಪೋಲರೈಸರ್‌ಗಳು ಪೂರ್ತಿ ತಡೆಯಲಾರವು. ಹತ್ತಿರ ಕೂತಾಗ ಮೂಲೆಗಳನ್ನು ನಾವು ಓರೆಯಾಗಿಯೇ ನೋಡುತ್ತಿರುತ್ತೇವೆ. ಬದಲಿಗೆ ಹೊಸ ಮಾನಿಟರ್ ತಂದರೆ ಅದರಲ್ಲೂ ಇದೇ ಇರುತ್ತದೆ. ಎಲ್ಲಿಂದ ನೋಡಿದರೂ ಅಂಚಿನ ಒಂದೇ ಜಾಗದಲ್ಲಿ ಹಳದಿಯೋ ಬಿಳಿಯೋ ಕಲೆ ಅಂಟಿಕೊಂಡಿದ್ದರೆ ಮಾತ್ರ ಅದು ನಿಜವಾದ ಸೋರಿಕೆ: ಫ್ರೇಮ್ ಪ್ಯಾನೆಲ್ಲನ್ನು ಎಲ್ಲೋ ಒತ್ತುತ್ತಿದೆ ಅಥವಾ ಸರಿಯಾಗಿ ಕೂತಿಲ್ಲ. ಅದಕ್ಕೆ ದೂರು ಕೊಡಬಹುದು. ಫೋನಿನಲ್ಲಿ ಫೋಟೋ ತೆಗೆದು ಅಳೆಯಬೇಡಿ. ಕತ್ತಲೆಯನ್ನು ಕಂಡ ಫೋನು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಹಿಡಿಯುವ ಬೆಳಕಿನ ಪ್ರಮಾಣ, ಏರಿಸಿ ಸಣ್ಣ ಬೂದನ್ನೂ ಬೆಂಕಿ ಬಿದ್ದಂತೆ ತೋರಿಸುತ್ತದೆ.

ಹುಟ್ಟುಗುಣವೇ ಆಗಿದ್ದರೆ ಮದ್ದು ಅಗ್ಗದ್ದು. ಮಾನಿಟರ್‌ನ ಹಿಂಬದಿಯ ಗೋಡೆಗೆ ಬೀಳುವಂತೆ ಮಂದ ಬಿಳಿ ದೀಪ ಇಡಿ. ಬಣ್ಣದ ತಾಪಮಾನ 6500 ಕೆಲ್ವಿನ್ (ಹಗಲಿನ ಬಿಳಿ) ಆಸುಪಾಸಿರಲಿ, ಗೋಡೆಯ ಹೊಳಪು ಪರದೆಯ ಬಿಳಿಯ ಶೇ 10ರಷ್ಟಿರಲಿ. ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳದೆ ಉಳಿಯುತ್ತದೆ, ಬೂದು ಕಪ್ಪಾಗಿಯೇ ಕಾಣುತ್ತದೆ, ದಣಿವೂ ಕಡಿಮೆ. ಜೊತೆಗೆ ಮಾನಿಟರ್‌ನ ಬ್ಯಾಕ್‌ಲೈಟ್ ಮಟ್ಟವನ್ನು ಇಳಿಸಿ. ಟಿವಿಯಲ್ಲಿ ಇದನ್ನು ಮಾಡುವಾಗ ಎಚ್ಚರ: ಅನೇಕ ಸೆಟ್‌ಗಳಲ್ಲಿ ‘ಬ್ರೈಟ್‌ನೆಸ್’ ಎಂದಿರುವುದು ಕಪ್ಪಿನ ಮಟ್ಟವನ್ನು ಬದಲಿಸುತ್ತದೆ, ದೀಪವನ್ನಲ್ಲ. ಅದನ್ನು ಇಳಿಸಿದರೆ ನೆರಳಿನಲ್ಲಿದ್ದ ವಿವರಗಳೆಲ್ಲ ಮಸಿಯಾಗುತ್ತವೆ. ‘ಬ್ಯಾಕ್‌ಲೈಟ್’ ಎಂಬ ಹೆಸರಿನ ಆಯ್ಕೆ ಬೇರೆಯೇ ಇರುತ್ತದೆ, ಹುಡುಕಿ.

ಮಾತು ಬಂದದ್ದರಿಂದ ಒಂದು ಉಪಯೋಗದ ವಿಷಯ. ಟಿವಿಯಲ್ಲಿ ಶಬ್ದ ಬರುತ್ತಿದೆ, ಪರದೆ ಮಾತ್ರ ಕಪ್ಪು ಎಂದಾದರೆ ಕತ್ತಲಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಹೋಗಿರುವುದು ಬ್ಯಾಕ್‌ಲೈಟ್ ಅಥವಾ ಅದರ ಡ್ರೈವರ್. ಪಟ್ಟಿಯಲ್ಲಿನ ಎಲ್‌ಇಡಿಗಳು ಸರಣಿಯಲ್ಲಿರುವುದರಿಂದ ಒಂದು ಸುಟ್ಟರೂ ಇಡೀ ಸಾಲು ಆರಬಹುದು. ರಿಪೇರಿ ಸಾಧ್ಯ, ಆದರೆ ಒಳಗೆ ಅಪಾಯಕಾರಿ ವೋಲ್ಟೇಜ್ ಇರುತ್ತದೆ, ತಿಳಿದವರೇ ಬಿಚ್ಚಲಿ.

ಬ್ಯಾಕ್‌ಲೈಟ್ಟನ್ನು ಭಾಗ ಭಾಗವಾಗಿ ಆರಿಸುವ ಮಿನಿ ಎಲ್‌ಇಡಿ ಪರದೆಗಳೂ ಈಗ ಇವೆ. 2021ರ ದೊಡ್ಡ ಐಪ್ಯಾಡ್ ಪ್ರೊನಲ್ಲಿ ಇಂಥ 2596 ಭಾಗಗಳಿದ್ದವು. ಅಷ್ಟಿದ್ದರೂ ಪಿಕ್ಸೆಲ್‌ಗಳ ಸಂಖ್ಯೆಗೆ ಹೋಲಿಸಿದರೆ ಅದು ಏನೂ ಅಲ್ಲ. ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದಾಗ ಸುತ್ತ ಮಸುಕು ಪ್ರಭೆ ಏಳುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಈ ತಾಪತ್ರಯ ಯಾವುದೂ ಇಲ್ಲ. ನಾಟಕದ ವಿಡಿಯೊ ಎಡಿಟಿಂಗ್‌ಗೆ ನಿಮ್ಮ ಐಪಿಎಸ್ ಸಾಕು, ಹಣವನ್ನು ದೀಪಗಳಿಗೆ ಉಳಿಸಿ.

ಇನ್ನು ಕಪ್ಪು ಮುಖಗಳು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಮುಖವೋ ಗೋಡೆಯೋ ಗೊತ್ತಿಲ್ಲ. ಇಡೀ ದೃಶ್ಯದ ಸರಾಸರಿ ಒಂದು ನಡುಮಟ್ಟದ ಬೂದಾಗಬೇಕು ಎಂಬುದಷ್ಟೇ ಅದರ ಮೂಲ ಲೆಕ್ಕ. ಚೌಕಟ್ಟಿನ ಬಹುಪಾಲು ಬೆಳಗುವ ಕಿಟಕಿ ಇದ್ದರೆ ಅದು ಕಿಟಕಿಯನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ, ಮುಖವೂ ಜೊತೆಗೇ ಇಳಿದುಹೋಗುತ್ತದೆ. ಫೋಟೋಗ್ರಫಿಯಲ್ಲಿ ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಒಳಗಿನ ಮುಖಕ್ಕೂ ಹೊರಗಿನ ಆಕಾಶಕ್ಕೂ ಐದಾರು ಸ್ಟಾಪ್ ಅಂತರ ಇರುವುದು ಸಾಮಾನ್ಯ, ಅಂದರೆ 32ರಿಂದ 64 ಪಟ್ಟು. ಇಂದಿನ ಮುಖಗುರುತು ಹಿಡಿಯುವ ಕ್ಯಾಮೆರಾಗಳು ತಾವಾಗಿ ಸ್ವಲ್ಪ ತಿದ್ದಿಕೊಳ್ಳುತ್ತವೆ. ಫೋನುಗಳು ಬೇರೆ ಬೇರೆ ಎಕ್ಸ್‌ಪೋಷರ್‌ನ ಹಲವು ಚೌಕಟ್ಟು ಬೆಸೆದು ಎರಡನ್ನೂ ಉಳಿಸಲು ಹೆಣಗುತ್ತವೆ, ಕೆಲವೊಮ್ಮೆ ಮುಖಕ್ಕೆ ಬೂದಿ ಬಳಿದಂತೆ ಮಾಡಿಬಿಡುತ್ತವೆ.

ನಿಮ್ಮ ಮುಂದೆ ಎರಡೇ ದಾರಿ: ಅಂತರವನ್ನು ಒಪ್ಪಿಕೊಂಡು ಒಂದನ್ನು ಆರಿಸುವುದು ಅಥವಾ ಅಂತರವನ್ನೇ ಕಡಿಮೆ ಮಾಡುವುದು.

ಒಪ್ಪಿಕೊಳ್ಳುವುದಾದರೆ, ಮುಖ ಬೇಕೆಂದಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಪ್ಲಸ್ ಒಂದರಿಂದ ಎರಡರವರೆಗೆ ಏರಿಸಿ, ಅಥವಾ ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ಕೆನ್ನೆಯಿಂದ ಅಳತೆ ತೆಗೆದುಕೊಳ್ಳಿ. ಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಅಳತೆ ಅಲ್ಲೇ ನಿಲ್ಲುತ್ತದೆ. ಕಿಟಕಿ ಬಿಳಿಚಿಕೊಳ್ಳುತ್ತದೆ, ಬಿಳಿಚಿಕೊಳ್ಳಲಿ. ಹೊರಗಿನ ನೋಟ ಮುಖ್ಯವಲ್ಲದ ಚಿತ್ರದಲ್ಲಿ ಬಿಳಿ ಕಿಟಕಿ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಅದನ್ನು ಉಳಿಸಲು ಹೋಗಿ ಮುಖ ಕೆಡಿಸುವುದೇ ಹೆಚ್ಚು. ಬದಲಿಗೆ ಆಕಾಶವೇ ಬೇಕಿದ್ದರೆ ಆಕಾಶಕ್ಕೆ ಅಳತೆ ಮಾಡಿ, ವ್ಯಕ್ತಿ ಕಪ್ಪು ಆಕೃತಿಯಾಗಲಿ. ಆಗ ಕಣ್ಣು, ಮೂಗು, ಬಟ್ಟೆ ಎಲ್ಲವೂ ಮಾಯ. ಉಳಿಯುವುದು ಹೊರಗೆರೆ ಒಂದೇ. ಹಾಗಾಗಿ ಪಕ್ಕನೋಟ ಕೇಳಿ, ಕೈಗಳು ದೇಹಕ್ಕೆ ಅಂಟದಂತೆ ನಿಲ್ಲಿಸಿ, ಇಬ್ಬರಿದ್ದರೆ ನಡುವೆ ಒಂದು ಎಳೆ ಬೆಳಕಾದರೂ ಕಾಣಲಿ.

ಅಂತರ ಕಡಿಮೆ ಮಾಡಲು ನನಗೆ ಇಷ್ಟವಾದದ್ದು ಬಿಳಿ ಥರ್ಮೊಕೋಲ್ ಹಾಳೆ. ಹಿಂದಿನಿಂದ ಬರುವ ಬಿಸಿಲನ್ನೇ ಅದು ಮುಖಕ್ಕೆ ಮರಳಿಸುತ್ತದೆ. ಎಷ್ಟು ಮರಳುತ್ತಿದೆ ಎಂಬುದು ಕಣ್ಣಿಗೇ ಕಾಣುವುದರಿಂದ ಊಹೆ ಬೇಕಿಲ್ಲ. ಫ್ಲ್ಯಾಶ್ ಬಳಸುವಿರಾದರೆ ಅದರ ಬಲವನ್ನು ಒಂದು ಸ್ಟಾಪ್ ಇಳಿಸಿ. ಮುಖ ಹಿನ್ನೆಲೆಗಿಂತ ತುಸು ಕಡಿಮೆ ಬೆಳಗಿದ್ದರೇ ಸಹಜ, ಸಮಸಮ ಆದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಗಲಲ್ಲಿ ಹೆಚ್ಚಿನ ಕ್ಯಾಮೆರಾಗಳು ಫ್ಲ್ಯಾಶ್ ಜೊತೆ ಸೆಕೆಂಡಿನ 1/200 ಅಥವಾ 1/250ಕ್ಕಿಂತ ವೇಗದ ಶಟರ್ ಒಪ್ಪುವುದಿಲ್ಲ ಎಂಬುದು ನೆನಪಿರಲಿ. ಫೋನಿನ ಪುಟ್ಟ ದೀಪ ಒಂದೆರಡು ಮೀಟರ್ ಆಚೆ ನಿಷ್ಪ್ರಯೋಜಕ.

ಹಿಂಬೆಳಕಿನ ಇನ್ನೊಂದು ಕಾಟ, ಇಡೀ ಚಿತ್ರ ಹಾಲು ಚೆಲ್ಲಿದಂತೆ ಮಸುಕಾಗುವುದು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಬಿಡಿ ಗಾಜುಗಳ ಲೆನ್ಸ್‌ನಲ್ಲಿ ಇಪ್ಪತ್ತು ಮೇಲ್ಮೈಗಳು. ಲೆಕ್ಕ ಹಾಕಿದರೆ ಒಳಬಂದದ್ದರಲ್ಲಿ ಶೇ 44 ಮಾತ್ರ ನೇರವಾಗಿ ದಾಟುತ್ತದೆ. ಉಳಿದದ್ದು ಒಳಗೇ ಅಡ್ಡಾಡಿ, ಒಂದಷ್ಟು ಸೆನ್ಸರ್ ಮೇಲೆ ಎಲ್ಲೆಂದರಲ್ಲಿ ಬೀಳುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನ ಕಂಡುಹಿಡಿದರು. ಒಂದು ಮೇಲ್ಮೈಯ ನಷ್ಟ ಶೇ 0.5ಕ್ಕೆ ಇಳಿದರೆ ಅದೇ ಲೆನ್ಸ್ ಶೇ 90ರಷ್ಟನ್ನು ದಾಟಿಸುತ್ತದೆ. ಬೆಳಕಿಗೆ ಎದುರಾಗಿ ಫೋಟೋ ತೆಗೆಯುವುದು ಇಂದು ಮಾಮೂಲಾಗಿರುವುದರ ಹಿಂದೆ ಈ ಲೇಪನದ ಪಾಲು ದೊಡ್ಡದು. ಆದರೂ ಲೆನ್ಸ್ ಹುಡ್ ಹಾಕಿ, ಇಲ್ಲವೇ ಅಂಗೈ ಅಡ್ಡ ಹಿಡಿದು ಬಿಸಿಲು ಗಾಜಿಗೆ ನೇರ ಬೀಳದಂತೆ ನೋಡಿಕೊಳ್ಳಿ. ಫೋನಿನಲ್ಲಾದರೆ ಮೊದಲು ಲೆನ್ಸ್ ಒರೆಸಿ. ಬೆರಳಿನ ಜಿಡ್ಡಿನ ಎದುರು ಯಾವ ಲೇಪನವೂ ಕೆಲಸ ಮಾಡದು. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ, ಜೂಮ್ ಲೆನ್ಸ್ ಇದ್ದಾಗಲಂತೂ ಖಂಡಿತ ಬೇಡ. ಕಣ್ಣಿನ ಪರದೆ ಸುಡುತ್ತದೆ.

ಇಷ್ಟೆಲ್ಲ ಕಾಟವಿದ್ದೂ ಛಾಯಾಗ್ರಾಹಕರು ಹಿಂಬೆಳಕನ್ನೇ ಹುಡುಕಿಕೊಂಡು ಹೋಗುತ್ತಾರೆ. ಎಲೆಯ ನರ, ದಳದ ತೆಳುವು, ಕಿವಿಯಂಚಿನ ಕೆಂಪು, ಕೂದಲಿನ ಎಳೆ ಇವು ಮುಂದಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಧೂಳು, ಹೊಗೆ, ಆವಿ, ನೀರಹನಿಗಳ ಕಥೆ ಇನ್ನೂ ಸ್ವಾರಸ್ಯದ್ದು. ಬೆಳಕಿನ ತರಂಗಾಂತರಕ್ಕಿಂತ ದೊಡ್ಡದಾದ ಕಣಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಬಹುಪಾಲು ಅದು ಹೊರಟ ದಿಕ್ಕಿನಲ್ಲೇ ಮುಂದಕ್ಕೆ ಚದುರಿಸುತ್ತವೆ. ಬೆಳಕಿನ ಮೂಲಕ್ಕೆ ಎದುರಾಗಿ ನಿಂತವರಿಗೆ ಅವು ಹೊಳೆಯುತ್ತವೆ, ಬೆಳಕಿಗೆ ಬೆನ್ನು ಹಾಕಿ ನಿಂತವರಿಗೆ ಕಂಡೂ ಕಾಣದಂತಿರುತ್ತವೆ. ರಂಗದ ಮೇಲೆ ನಿಮ್ಮ ಲೈಟಿಂಗ್‌ನವರು ತೆಳು ಮಂಜು ಹರಡುವ ಹೇಝ್ ಮಷಿನ್ ಕೇಳಿದರೆ ಅದರ ಹಿಂದಿರುವುದೂ ಇದೇ ಭೌತಶಾಸ್ತ್ರ. ಗಾಳಿಯಲ್ಲಿ ತೇಲುವ ಹನಿಗಳಿಲ್ಲದೆ ಬೆಳಕಿನ ಕೋಲು ಪಕ್ಕದಿಂದ ಕಾಣದು. ಹನಿಗಳಿದ್ದರೂ ಹಿಂದಿನಿಂದ ಬಂದ ಕೋಲು ಕಾಣುವಷ್ಟು ಮುಂದಿನಿಂದ ಹೋದ ಕೋಲು ಕಾಣದು. ಮಷಿನ್ ತರುವುದಾದರೆ ಸಭಾಂಗಣದ ಹೊಗೆ ಎಚ್ಚರಿಕೆ ಗಂಟೆಯ ಬಗ್ಗೆ ಮೊದಲೇ ವಿಚಾರಿಸಿ. ನಾಟಕದ ನಡುವೆ ಅದು ಹೊಡೆದುಕೊಂಡರೆ ಪ್ರೇಕ್ಷಕರು ನಿಮ್ಮ ವಿನ್ಯಾಸ ಮೆಚ್ಚಿ ಎದ್ದು ನಿಲ್ಲುವುದಿಲ್ಲ.

ಆರು ದೀಪಗಳ ಲೆಕ್ಕಕ್ಕೆ ಬಂದೆವು. ಎಲ್ಲ ಆರನ್ನೂ ಮುಂದಿನಿಂದ ಹಾಕಿದರೆ ಏನಾಗುತ್ತದೆ? ಮುಖದ ಮೇಲಿನ ನೆರಳು ಅಳಿಸಿಹೋಗುತ್ತದೆ, ನಟ ಹಿಂದಿನ ಪರದೆಗೆ ಅಂಟಿದಂತೆ ಕಾಣುತ್ತಾನೆ, ಅವನ ನೆರಳೂ ಆ ಪರದೆಯ ಮೇಲೇ ಬೀಳುತ್ತದೆ. ಹಿಂದೆ, ಮೇಲಿನಿಂದ ಬಂದ ಬೆಳಕು ತಲೆ ಮತ್ತು ಹೆಗಲಿನ ಅಂಚಿಗೆ ಒಂದು ಗೆರೆ ಎಳೆಯುತ್ತದೆ. ಆ ಗೆರೆಯಿಂದಲೇ ನಟ ಹಿನ್ನೆಲೆಯಿಂದ ಕಳಚಿಕೊಂಡು ಮುಂದೆ ಬರುತ್ತಾನೆ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಮುಖಕ್ಕಿಂತ ಮೊದಲು ಈ ಗೆರೆಯಿಂದಲೇ ತಿಳಿಯುತ್ತದೆ. ಹಾಗಾಗಿ ಮುಂದಿನ ನಾಲ್ಕು ದೀಪಗಳು ನಿಮಗೆ ಸಾಲುತ್ತವೆ; ಆರೂ ಮುಂದಿದ್ದಾಗಿನ ಹೊಳಪು ಇರದು, ಸ್ಪಷ್ಟತೆ ಹೆಚ್ಚಿರುತ್ತದೆ.

ಕೋನದ ಮೇಲೆ ಕಣ್ಣಿಡಿ. ನಟನ ತಲೆಯಿಂದ ಮೇಲಕ್ಕೆ 45ರಿಂದ 60 ಡಿಗ್ರಿ ಸರಿಯಾದ ವ್ಯಾಪ್ತಿ. ತಗ್ಗಿಸಿದರೆ ಮೊದಲ ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ತೀರ ನೆತ್ತಿಯ ಮೇಲೆ ತಂದರೆ ಮೂಗಿನ ತುದಿ ಮಾತ್ರ ಬೆಳಗಿ ಕಣ್ಣುಗಳು ಗುಳಿಯಾಗುತ್ತವೆ. ದೀಪಕ್ಕೆ ಬಾರ್ನ್ ಡೋರ್ (ಬೆಳಕನ್ನು ಅಡ್ಡಗಟ್ಟುವ ಮಡಚು ರೆಕ್ಕೆಗಳು) ಇದ್ದರೆ ಪ್ರೇಕ್ಷಕರ ಕಡೆಯ ರೆಕ್ಕೆ ಇಳಿಸಿ. ಎರಡು ದೀಪಗಳನ್ನು ಎಡಕ್ಕೊಂದು ಬಲಕ್ಕೊಂದು ಹಂಚಿ, ಬೆಳಕಿನ ವೃತ್ತಗಳು ರಂಗದ ನಡುವೆ ಒಂದರ ಮೇಲೊಂದು ಬರಲಿ. ಬಲದ ವಿಷಯದಲ್ಲಿ ನಿಯಮವಿಲ್ಲ. ಮುಂದಿನ ಬೆಳಕಿನಷ್ಟೇ ಇಟ್ಟು ಆರಂಭಿಸಿ, ಬೇಕಾದರೆ ಅದರ ಇಮ್ಮಡಿಯವರೆಗೆ ಏರಿಸಿ. ಬೋಳುತಲೆ ಅಥವಾ ಬಿಳಿ ಮುಂಡಾಸಿನ ಪಾತ್ರ ಬಂದಾಗ ಇಳಿಸಿ, ಇಲ್ಲದಿದ್ದರೆ ಎಲ್ಲರ ಕಣ್ಣೂ ಅಲ್ಲೇ ನೆಡುತ್ತದೆ.

ಬಣ್ಣದ ಆಟಕ್ಕೂ ಹಿಂಬೆಳಕೇ ಸರಿಯಾದ ಜಾಗ. ಮುಂದಿನ ದೀಪಕ್ಕೆ ಗಾಢ ನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದರೆ ಮುಖ ಹೆಣದಂತಾಗುತ್ತದೆ. ಅದೇ ನೀಲಿಯನ್ನು ಹಿಂದಿನಿಂದ ಹಾಕಿ, ಮುಂದಿನ ತಿಳಿಬಣ್ಣದ ದೀಪವನ್ನು ಇಳಿಸಿ ನೋಡಿ: ರಾತ್ರಿಯೂ ಆಯಿತು, ಮುಖದ ಬಣ್ಣವೂ ಉಳಿಯಿತು. ಚೆಕ್ ರಂಗವಿನ್ಯಾಸಕ ಯೋಸೆಫ್ ಸ್ವೊಬೊಡಾ ಕಡಿಮೆ ವೋಲ್ಟೇಜಿನ ದೀಪಗಳನ್ನು ಸಾಲಾಗಿ ಜೋಡಿಸಿ, ಮೇಲಿನಿಂದ ಪ್ರೇಕ್ಷಕರತ್ತ ಓರೆಯಾಗಿ ಹರಿಸಿ ಬೆಳಕಿನದೇ ಒಂದು ಪರದೆ ಕಟ್ಟುತ್ತಿದ್ದರು. ಆ ಬಗೆಯ ದೀಪಸಾಲನ್ನು ರಂಗಭೂಮಿಯವರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಿಮ್ಮ ಕೈಗೆಟಕುವ ಇನ್ನೊಂದು ಉಪಾಯ ತೆಳು ಬಲೆಬಟ್ಟೆ. ಅದರ ಮೇಲೆ ಮುಂದಿನಿಂದ ಓರೆಯಾಗಿ ಬೆಳಕು ಬಿದ್ದಾಗ ಗೋಡೆಯಂತೆ ಕಾಣುತ್ತದೆ. ಮುಂದಿನದನ್ನು ಇಳಿಸಿ ಬಟ್ಟೆಯ ಹಿಂದಿರುವ ನಟನ ಮೇಲೆ ಬೆಳಕು ಏರಿಸಿದರೆ ಗೋಡೆ ಕರಗಿ ಒಳಗಿನವರು ಕಾಣುತ್ತಾರೆ. ಡಿಮ್ಮರ್ ಎರಡನ್ನೂ ಎದುರುಬದುರು ನಿಧಾನಕ್ಕೆ ಎಳೆಯುವ ಕೈ ಬೇಕು, ಅಷ್ಟೆ.

ಉಳಿದದ್ದು ಎಲ್‌ಇಡಿ ವಾಲ್. ನಿಮ್ಮ ಪಟ್ಟಿಯಲ್ಲಿ ನನಗೆ ನಿಜವಾದ ಚಿಂತೆ ಇರುವುದು ಇದರ ಬಗ್ಗೆ. ಇಲ್ಲಿ ಹಿಂಬೆಳಕು ನಟನ ಅಂಚಿಗೆ ಬೀಳುವುದಿಲ್ಲ, ಕಿಟಕಿಯಂತೆ ನೇರ ಪ್ರೇಕ್ಷಕರ ಮತ್ತು ಕ್ಯಾಮೆರಾದ ಕಣ್ಣಿಗೇ ಬರುತ್ತದೆ. ಲೆಕ್ಕ ಹಾಕಿ ನೋಡಿ. ನಟನ ಮುಖದ ಮೇಲೆ 1000 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೀಳುತ್ತಿದೆ, ಚರ್ಮ ಅದರ ಮೂರನೆಯ ಒಂದು ಪಾಲು ಮರಳಿಸುತ್ತದೆ ಎಂದಿಟ್ಟುಕೊಳ್ಳಿ. ಮರಳಿದ್ದು ಎಲ್ಲ ದಿಕ್ಕಿಗೂ ಹರಡುವುದರಿಂದ ಅದನ್ನು ಪೈ, ಅಂದರೆ 3.14ರಿಂದ ಭಾಗಿಸಿದರೆ ಮುಖದ ಹೊಳಪು ಸುಮಾರು 105 ನಿಟ್. ಕಪ್ಪು ಮೈಬಣ್ಣಕ್ಕೆ ಇನ್ನೂ ಕಡಿಮೆ. ಒಳಾಂಗಣದ ಎಲ್‌ಇಡಿ ವಾಲ್‌ನಲ್ಲಿ ಪೂರ್ತಿ ಬಿಳಿ ಹಾಕಿದರೆ 1000 ನಿಟ್ ಸುಲಭವಾಗಿ ಬರುತ್ತದೆ. ಮುಖಕ್ಕಿಂತ ಗೋಡೆ ಮೂರು ಸ್ಟಾಪ್‌ಗೂ ಹೆಚ್ಚು ಜೋರು! ಇರುವ ಆರು ದೀಪಗಳಿಂದ ಅದನ್ನು ಹಿಂದಿಕ್ಕಲು ಆಗುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ವಾಲ್ ನಡೆಸುವವರಿಗೆ ಹೇಳಿ ಅದರ ಹೊಳಪನ್ನೇ ಶೇ 10ರಿಂದ 20ಕ್ಕೆ ಇಳಿಸಿಸಿ. ಅವರು ಚಿತ್ರ ಸತ್ತುಹೋಯಿತು ಎನ್ನುತ್ತಾರೆ. ಸಭಾಂಗಣದ ದೀಪ ಆರಿಸಿ ಇನ್ನೊಮ್ಮೆ ನೋಡಲು ಹೇಳಿ. ಚಿತ್ರಗಳನ್ನು ಮಾಡುವಾಗಲೇ ಬಿಳಿ ಆಕಾಶ, ಬಿಳಿ ಗೋಡೆ ಬಿಟ್ಟು ಗಾಢ ಬಣ್ಣ ಆರಿಸಿ, ನಟರು ನಿಲ್ಲುವ ನಡುಭಾಗವನ್ನು ಅಂಚುಗಳಿಗಿಂತ ಕಪ್ಪಾಗಿಡಿ. ನಟರನ್ನು ವಾಲ್‌ನಿಂದ ಕನಿಷ್ಠ ಎರಡು ಮೂರು ಮೀಟರ್ ಮುಂದೆ ನಿಲ್ಲಿಸಿದರೆ ಹಿಂದಿನ ದೀಪಗಳ ಬೆಳಕು ವಾಲ್‌ಗೆ ತಾಗದೆ ಹೆಗಲಿಗೆ ಸಿಗುತ್ತದೆ.

ವಿಡಿಯೊ ತೆಗೆಯುವಾಗ ಎಕ್ಸ್‌ಪೋಷರನ್ನು ಮುಖಕ್ಕೆ ಅಳೆದು ಲಾಕ್ ಮಾಡಿ. ಆಟೊದಲ್ಲಿ ಬಿಟ್ಟರೆ ವಾಲ್‌ನ ಚಿತ್ರ ಬದಲಾದಾಗಲೆಲ್ಲ ಮುಖಗಳು ಕಪ್ಪು ಬಿಳಿ ಎಂದು ಕುಣಿಯುತ್ತವೆ. ವಾಲ್‌ನ ಮೇಲೆ ಅಡ್ಡಪಟ್ಟೆಗಳು ಹರಿದಾಡುತ್ತಿದ್ದರೆ ಶಟರ್ ವೇಗ ನಿಧಾನ ಮಾಡುತ್ತ ಬನ್ನಿ, ಒಂದು ಕಡೆ ಅವು ನಿಲ್ಲುತ್ತವೆ. ಇದನ್ನೆಲ್ಲ ಪ್ರದರ್ಶನದ ಸಂಜೆಗೆ ಇಟ್ಟುಕೊಳ್ಳದೆ ಟೆಕ್ನಿಕಲ್ ರಿಹರ್ಸಲ್‌ನಲ್ಲೇ, ನಟರು ವೇಷದಲ್ಲಿರುವಾಗ ಮಾಡಿ ಮುಗಿಸಿ.